ತಪ್ಪಿಹೋದ ಚಿತ್ರಗಳ ಲೆಕ್ಕ

ಈ ಶತಮಾನದ ಮೊದಲ ಹದಿನೈದು ವರ್ಷಗಳಲ್ಲಿ ಮಿಶಿಗನ್ನಿಗೆ ಬಂದು ನೆಲೆನಿಂತ ಕನ್ನಡದ ಮನೆಗಳಲ್ಲಿ, ಕೋಟು ತೂಗುಹಾಕುವ ಕಪಾಟಿನ ಮೇಲಿನ ಹಲಗೆಯ ಮೇಲೆ, ಒಂದು ಕಪ್ಪು ಚೀಲ ಇರುವುದು ಮಾಮೂಲು. ರಾಚೆಸ್ಟರ್ ಹಿಲ್ಸ್ ಆಗಲಿ, ಟ್ರಾಯ್ ಆಗಲಿ, ನೋವೈ ಆಗಲಿ, ಚೀಲದ ಒಳಗಿನ ಸಾಮಾನು ಹೆಚ್ಚುಕಡಿಮೆ ಒಂದೇ: ಕ್ಯಾನನ್ ರೆಬೆಲ್ ಅಥವಾ ನಿಕಾನ್ ಡಿ3000 ಸರಣಿಯ ಒಂದು ಡಿಎಸ್‌ಎಲ್‌ಆರ್, ಅದರ ಜೊತೆಗೇ ಬಂದ 18–55 ಮಿ.ಮೀ. ಲೆನ್ಸು, ಅಪರೂಪಕ್ಕೆ ಹೊರಬಂದ ಉದ್ದದ ಜೂಮು, ಚಾರ್ಜರು, ಎರಡು ಮೆಮೊರಿ ಕಾರ್ಡು. ಕಾರು ಕೊಂಡ ಮೇಲೆ ಮುಂದಿನ ದೊಡ್ಡ ಖರೀದಿ ಇದೇ ಆಗಿದ್ದ ಕಾಲ ಅದು. ವಾರಾಂತ್ಯಕ್ಕೆ ತೆಗೆದ ಚಿತ್ರಗಳು ಭಾನುವಾರ ರಾತ್ರಿ ಪಿಕಾಸಾ ಎಂಬ ಅಂತರಜಾಲದ ಆಲ್ಬಮ್ಮಿಗೆ ಏರುತ್ತಿದ್ದವು. ಸೋಮವಾರ ಬೆಳಗಾಗುವ ಹೊತ್ತಿಗೆ ಮೈಸೂರಿನಲ್ಲೋ ದಾವಣಗೆರೆಯಲ್ಲೋ ಅಪ್ಪ ಅಮ್ಮ ಸೈಬರ್ ಕೆಫೆಯಲ್ಲಿ ಕೂತು ಹಿಮ ಹೇಗಿರುತ್ತದೆಂದು ನೋಡುತ್ತಿದ್ದರು. ಫೋನು ಆ ಕೆಲಸವನ್ನು ಕಿತ್ತುಕೊಂಡ ಮೇಲೆ ಚೀಲ ಹಲಗೆ ಏರಿತು. ಈಗ ಮಕ್ಕಳು ವೇದಿಕೆ ಹತ್ತುವ ವಯಸ್ಸಿಗೆ ಬಂದಿದ್ದಾರೆ, ಫೋನಿನ ಚಿತ್ರ ಸಾಲದು ಅನ್ನಿಸಿದೆ, ಹಾಗಾಗಿ ಹಬ್ಬದ ಊಟದ ಸಾಲಿನಲ್ಲಿ ಹಳೆಯ ಪ್ರಶ್ನೆ ಹೊಸ ರೂಪದಲ್ಲಿ ಕೇಳಿಬರುತ್ತಿದೆ: ಇದ್ದುದನ್ನೇ ಧೂಳು ಕೊಡವಿ ಬಳಸುವುದೋ, ಒಳಗೆ ಕನ್ನಡಿಯಿಲ್ಲದ ಹೊಸ ಮಿರರ್‌ಲೆಸ್ ಕೊಳ್ಳುವುದೋ? ಎರಡು ಬಗೆಯ ಕ್ಯಾಮೆರಾಗಳ ಕಾಲವನ್ನೂ ಕಂಡವನಾಗಿ ನನ್ನದೊಂದು ಉತ್ತರವಿದೆ. ಅದು ಅಂಗಡಿಯವರು ಹೇಳುವ ಉತ್ತರವಲ್ಲ, ಹಳೆಯದನ್ನು ಪ್ರೀತಿಸುವವರು ಹೇಳುವುದೂ ಅಲ್ಲ.

ಮೊದಲು ಆ ಕಾಲದ ನೆನಪು. 2002ರಲ್ಲಿ ಡೆಟ್ರಾಯಿಟ್‌ನಲ್ಲಿ ಅಮೆರಿಕದ ಕನ್ನಡ ಕೂಟಗಳ ಒಕ್ಕೂಟವಾದ ‘ಅಕ್ಕ’ದ ವಿಶ್ವ ಕನ್ನಡ ಸಮ್ಮೇಳನ ನಡೆದಾಗ ಸಾವಿರ ಡಾಲರಿನೊಳಗೆ ಒಂದು ಡಿಎಸ್‌ಎಲ್‌ಆರ್ ಸಿಗುತ್ತಿರಲಿಲ್ಲ. ಆ ವರ್ಷದ ನಿಕಾನ್ ಡಿ100 ಸುಮಾರು ಎರಡು ಸಾವಿರ ಡಾಲರಿನದು. ಮನೆಮಂದಿಯ ಕೈಯಲ್ಲಿದ್ದುದು ಫಿಲ್ಮ್ ಕ್ಯಾಮೆರಾ, ಇಲ್ಲವೇ ಜೇಬಿನಲ್ಲಿಡುವ ಪುಟ್ಟ ಡಿಜಿಟಲ್. ಮರುವರ್ಷ, 2003ರ ಆಗಸ್ಟಿನಲ್ಲಿ, ಕ್ಯಾನನ್ ಡಿಜಿಟಲ್ ರೆಬೆಲ್ ಬಂತು: 63 ಲಕ್ಷ ಪಿಕ್ಸೆಲ್, ಲೆನ್ಸು ಸೇರಿ 999 ಡಾಲರ್. ಬಾಗಿಲು ತೆರೆದದ್ದು ಅಲ್ಲಿಂದ. 2008ರಲ್ಲಿ ಶಿಕಾಗೋದಲ್ಲಿ ಸಮ್ಮೇಳನ ಸೇರುವ ಹೊತ್ತಿಗೆ ಇಂಥ ಕ್ಯಾಮೆರಾ ಯಾರಿಗೂ ಸೋಜಿಗವಾಗಿ ಉಳಿದಿರಲಿಲ್ಲ. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಪ್ಯಾನಾಸೋನಿಕ್ ಜಿ1 ಎಂಬ ಮೊದಲ ಮಿರರ್‌ಲೆಸ್ ಘೋಷಣೆಯಾದದ್ದನ್ನು ಮಾತ್ರ ನಮ್ಮವರು ಹೆಚ್ಚಾಗಿ ಗಮನಿಸಲಿಲ್ಲ. 2009ರಲ್ಲಿ ಕ್ರೈಸ್ಲರ್ ಮತ್ತು ಜನರಲ್ ಮೋಟಾರ್ಸ್ ಎರಡೂ ದಿವಾಳಿ ಅರ್ಜಿ ಹಾಕಿದಾಗ ಆಬರ್ನ್ ಹಿಲ್ಸಿನಿಂದ ಡೆಟ್ರಾಯಿಟ್‌ವರೆಗೆ ಎಲ್ಲರೂ ಕೈ ಬಿಗಿಹಿಡಿದರು. ಕೆಲಸ ಚೇತರಿಸಿಕೊಳ್ಳುತ್ತಿದ್ದ 2011ರಲ್ಲಿ ಬಂದದ್ದು ರೆಬೆಲ್ ಟಿ3ಐ. ಭಾರತದಲ್ಲಿ ಅದೇ ಕ್ಯಾಮೆರಾ 600ಡಿ. ಒಂದು ಕೋಟಿ 80 ಲಕ್ಷ ಪಿಕ್ಸೆಲ್, ಹೊರಳಿಸಬಹುದಾದ ಪರದೆ, ಲೆನ್ಸು ಸಮೇತ ಸುಮಾರು 900 ಡಾಲರ್. ಈ ಬರಹದಲ್ಲಿ ಹಳೆಯದರ ಪರವಾಗಿ ನಿಲ್ಲುವುದು ಇದೇ. ಹೊಸದರ ಪರವಾಗಿ 2023ರ ಕ್ಯಾನನ್ ಆರ್50: ಎರಡು ಕೋಟಿ 42 ಲಕ್ಷ ಪಿಕ್ಸೆಲ್, ಬಂದಾಗ ಲೆನ್ಸು ಸಮೇತ ಸುಮಾರು 800 ಡಾಲರ್. ನಡುವೆ ಹನ್ನೆರಡು ವರ್ಷ. ಎರಡೂ ಆಯಾ ಕಾಲದ ಮೊದಲ ಮೆಟ್ಟಿಲಿನ ಆಸುಪಾಸಿನವು, ಎರಡರ ಸೆನ್ಸರಿನ ಅಳತೆಯೂ ಹೆಚ್ಚುಕಡಿಮೆ ಒಂದೇ. ಹಾಗಾಗಿ ಹೋಲಿಕೆ ನ್ಯಾಯವಾದದ್ದೇ.

ಇಲ್ಲೊಂದು ಮಾತು ಹೇಳಿಬಿಡಬೇಕು. ಕ್ಯಾಮೆರಾ ಪ್ರಸ್ತಾಪ ಬಂದಾಗ ರಾಚೆಸ್ಟರ್ ಎಂದರೆ ಕೇಳಿದವರಿಗೆ ಹೊಳೆಯುವುದು ನ್ಯೂಯಾರ್ಕ್ ರಾಜ್ಯದ ರಾಚೆಸ್ಟರ್, ಕೊಡಕ್ ಕಂಪನಿಯ ಊರು. ಅಲ್ಲಿ 1975ರಲ್ಲಿ ಸ್ಟೀವನ್ ಸ್ಯಾಸನ್ ಕಟ್ಟಿದ ಮೊದಲ ಡಿಜಿಟಲ್ ಕ್ಯಾಮೆರಾ 100×100 ಪಿಕ್ಸೆಲಿನ ಒಂದು ಕಪ್ಪುಬಿಳುಪು ಚಿತ್ರವನ್ನು ಕ್ಯಾಸೆಟ್ಟಿಗೆ ಬರೆಯಲು 23 ಸೆಕೆಂಡ್ ತೆಗೆದುಕೊಳ್ಳುತ್ತಿತ್ತು. ನಮ್ಮ ರಾಚೆಸ್ಟರ್ ಹಿಲ್ಸಿಗೂ ಕ್ಯಾಮೆರಾ ಇತಿಹಾಸಕ್ಕೂ ಸಂಬಂಧವಿಲ್ಲ. 1984ರಲ್ಲಿ ಏವನ್ ಟೌನ್‌ಶಿಪ್ ನಗರವಾಗಿ ಪಡೆದ ಹೆಸರು ಅದು. ಆದರೆ ಕ್ಯಾಮೆರಾದ ಗುಣ ದೋಷಗಳನ್ನು ಒರೆಗೆ ಹಚ್ಚಲು ಇಷ್ಟು ಅನುಕೂಲವಾದ ಊರು ಕಡಿಮೆ. ಅಕ್ಟೋಬರಿನ ಎಲೆಬಣ್ಣ, ಜನವರಿಯ ಹಿಮ, ಸಂಜೆ ಐದಕ್ಕೇ ಕವಿಯುವ ಕತ್ತಲು, ವರ್ಷದ ಆರು ತಿಂಗಳು ಬಾಗಿಲು ಮುಚ್ಚಿದ ಸಭಾಂಗಣಗಳಲ್ಲೇ ನಡೆಯುವ ಹಬ್ಬಗಳು, ಎಲ್ಲವೂ ಒಂದೇ ಊರಿನಲ್ಲಿವೆ.

ನನ್ನ ವಾದ ಇಷ್ಟು. ಹಳೆಯ ಕ್ಯಾಮೆರಾ ಚೆನ್ನಾಗಿ ತೆಗೆದ ಚಿತ್ರಕ್ಕೂ ಹೊಸದು ಚೆನ್ನಾಗಿ ತೆಗೆದ ಚಿತ್ರಕ್ಕೂ ಮನೆಯವರು ಗುರುತಿಸಬಲ್ಲ ವ್ಯತ್ಯಾಸ ತೀರ ಸಣ್ಣದು. ನಿಜವಾದ ವ್ಯತ್ಯಾಸವಿರುವುದು ಕೆಟ್ಟುಹೋದ ಚಿತ್ರಗಳ ಸಂಖ್ಯೆಯಲ್ಲಿ. ಹನ್ನೆರಡು ವರ್ಷದ ತಂತ್ರಜ್ಞಾನ ನಮಗೆ ಕೊಟ್ಟದ್ದು ಹೆಚ್ಚು ಸುಂದರ ಚಿತ್ರವನ್ನಲ್ಲ, ಕೈತಪ್ಪಿ ಹೋಗುತ್ತಿದ್ದ ಚಿತ್ರವನ್ನು. ಆದ್ದರಿಂದ ಯಾವುದು ಬೇಕು ಎಂಬುದು ನೀವು ತೆಗೆಯುವ ಕ್ಷಣ ಮತ್ತೆ ಬರುತ್ತದೆಯೋ ಇಲ್ಲವೋ ಎಂಬುದನ್ನು ಅವಲಂಬಿಸಿದೆ. ಮೆಗಾಪಿಕ್ಸೆಲ್ ಕೋಷ್ಟಕ ಇದನ್ನು ಹೇಳುವುದಿಲ್ಲ.

ಪಿಕ್ಸೆಲ್ ಲೆಕ್ಕವನ್ನೇ ಮೊದಲು ಮುಗಿಸೋಣ. ಹಳೆಯದರ ಚಿತ್ರ 5184×3456. ಇಂಚಿಗೆ 300 ಚುಕ್ಕೆಯಂತೆ ಮುದ್ರಿಸಿದರೆ ಹದಿನೇಳು ಇಂಚು ಅಗಲ, ಹನ್ನೊಂದೂವರೆ ಇಂಚು ಎತ್ತರ. ಹೊಸದರ 6000×4000 ಅದನ್ನು ಇಪ್ಪತ್ತು ಇಂಚಿಗೆ ಹದಿಮೂರು ಮಾಡುತ್ತದೆ. ಮೂರು ಇಂಚಿನ ಅಗಲಕ್ಕಾಗಿ ಎಂಟು ನೂರು ಡಾಲರ್ ಕೊಡುವವರು ಯಾರು? ಗೋಡೆಯ ಮೇಲಿನ 4ಕೆ ಟಿವಿ ತೋರಿಸುವುದೇ 83 ಲಕ್ಷ ಪಿಕ್ಸೆಲ್. 2011ರ ಕ್ಯಾಮೆರಾದಲ್ಲಿ ಅದರ ಎರಡು ಪಟ್ಟಿಗಿಂತ ಹೆಚ್ಚಿದೆ. ವಾಟ್ಸ್ಯಾಪಿನಲ್ಲಿ ಊರಿಗೆ ಹೋಗುವ ಚಿತ್ರದ ಮಾತಂತೂ ಬೇಡ, ಹೋಗುವ ದಾರಿಯಲ್ಲೇ ಅದು ಹಿಂಡಿಹಿಪ್ಪೆಯಾಗಿರುತ್ತದೆ. ಅಕ್ಟೋಬರಿನ ನಡುವಿಗೆ ಪೇಂಟ್ ಕ್ರೀಕ್ ಟ್ರೇಲಿನಲ್ಲಿ, ಹಳೆಯ ರೈಲುದಾರಿಯನ್ನು ಕಾಲುದಾರಿಯಾಗಿಸಿದ ಆ ಒಂಬತ್ತು ಮೈಲಿಯ ಹಾದಿಯಲ್ಲಿ, ಮೇಪಲ್ ಎಲೆಗಳು ಕೆಂಪಾದಾಗ ಎರಡೂ ಕ್ಯಾಮೆರಾಗಳನ್ನು ಐಎಸ್‌ಒ 100ಕ್ಕೆ, ಎಫ್/8ಕ್ಕೆ ಇಟ್ಟು ಚಿತ್ರ ತೆಗೆದರೆ ಯಾವುದು ಯಾವುದರದು ಎಂದು ಹೇಳಲು ಫೈಲಿನ ಹೆಸರು ನೋಡಬೇಕಾದೀತು. ಯೇಟ್ಸ್ ಸೈಡರ್ ಮಿಲ್ಲಿನ ಮುಂದೆ ಕೈಯಲ್ಲಿ ಡೋನಟ್ ಹಿಡಿದು ನಿಂತ ಅಜ್ಜಿ ತಾತನ ಚಿತ್ರವೂ ಹಾಗೆಯೇ. 1863ರಿಂದ ನಿಂತಿರುವ ಆ ಗಿರಣಿ ಎಲ್ಲಿಗೂ ಓಡುವುದಿಲ್ಲ, ಹಗಲ ಬೆಳಕು ಬೇಕಾದಷ್ಟಿದೆ, ಅಜ್ಜಿಯೂ ಹೇಳಿದಷ್ಟು ಹೊತ್ತು ನಗುತ್ತಾರೆ. ಒಂದು ಚಿತ್ರ ಕೆಟ್ಟರೆ ಇನ್ನೊಂದು. ಮರಳಿ ತೆಗೆಯಬಹುದಾದ ಕಡೆಯಲ್ಲೆಲ್ಲ ಹಳೆಯದು ಹೊಸದಕ್ಕೆ ಸಮ.

ಹಿಮ ಬಿದ್ದೊಡನೆ ಮೊದಲ ಬಿರುಕು ಕಾಣಿಸುತ್ತದೆ. ಕ್ಯಾಮೆರಾದ ಬೆಳಕಿನ ಮೀಟರು ತನ್ನ ಎದುರಿಗಿರುವುದು ನಡುಬೂದು ಬಣ್ಣದ್ದು ಎಂದು ಭಾವಿಸಿ ಅಳೆಯುವಂಥದ್ದು. ಸ್ಟೋನಿ ಕ್ರೀಕ್ ಪಾರ್ಕಿನ ಇಡೀ ಬಯಲು ಬೆಳ್ಳಗಾದಾಗ ಅದನ್ನೂ ಬೂದು ಮಾಡಿ ಕೊಡುತ್ತದೆ. ಅದರ ನಡುವೆ ನಿಂತ ಮಗುವಿನ ಮುಖ ಕಪ್ಪಿಡುತ್ತದೆ. ಒಂದರಿಂದ ಎರಡು ಸ್ಟಾಪ್ ಬೆಳಕು ಹೆಚ್ಚಿಸಬೇಕು ಎಂಬುದನ್ನು ಓದಿ ತಿಳಿದವರು ಬಲ್ಲರು. ಆದರೆ ಹಳೆಯ ಕ್ಯಾಮೆರಾದಲ್ಲಿ ಕಣ್ಣಿಟ್ಟು ನೋಡುವ ಕಿಂಡಿಯಲ್ಲಿ ಕಾಣುವುದು ಗಾಜಿನ ಮೂಲಕ ಬಂದ ಹಿಮವೇ ಹೊರತು ಸೆನ್ಸರು ಬರೆದುಕೊಳ್ಳಲಿರುವ ಹಿಮವಲ್ಲ. ತಪ್ಪು ಗೊತ್ತಾಗುವುದು ಚಿತ್ರ ತೆಗೆದಾದ ಮೇಲೆ. ಕೈಗವಸು ಹಾಕಿಕೊಂಡು, ಬಿಸಿಲಿಗೆ ಹೊಳೆಯುವ ಪರದೆಯ ಮೇಲೆ, ಎಷ್ಟೋ ಸಲ ಮನೆಗೆ ಬಂದ ಮೇಲೆ. ಮಿರರ್‌ಲೆಸ್‌ನ ಕಿಂಡಿಯೊಳಗೆ ಇರುವುದು ಪುಟ್ಟ ಪರದೆ. ಆರ್50ಯಲ್ಲಿ ಅದು 23.6 ಲಕ್ಷ ಚುಕ್ಕೆಗಳದು. ಸೆನ್ಸರು ಕಂಡದ್ದನ್ನೇ ಅದು ತೋರಿಸುವುದರಿಂದ ಹಿಮ ಬೂದಾಗಿದ್ದರೆ ಗುಂಡಿ ಒತ್ತುವ ಮೊದಲೇ ಬೂದಾಗಿ ಕಾಣುತ್ತದೆ, ಬೆರಳು ತಾನಾಗಿ ಚಕ್ರ ತಿರುಗಿಸುತ್ತದೆ. ಡಿಸೆಂಬರಿನಲ್ಲಿ ರಾಚೆಸ್ಟರ್ ಹಿಲ್ಸಿನ ಪಕ್ಕದ ರಾಚೆಸ್ಟರ್ ಪೇಟೆಯ ಮೇನ್ ಸ್ಟ್ರೀಟಿನ ಕಟ್ಟಡಗಳಿಗೆಲ್ಲ ದೀಪದ ಸರ ಹೊದಿಸುತ್ತಾರಲ್ಲ, ಅಲ್ಲಿ ಇದರ ಉಲ್ಟಾ ಸಂಕಟ: ಕಪ್ಪು ಆಕಾಶ ಕಂಡ ಮೀಟರು ಬೆಳಕು ಹೆಚ್ಚಿಸಿ ದೀಪಗಳ ಬಣ್ಣವನ್ನೆಲ್ಲ ಬೆಳ್ಳಗೆ ಸುಡುತ್ತದೆ. ಅಲ್ಲಿಯೂ ಮುಂಚೆಯೇ ಕಾಣುವುದರಿಂದ ಉಪಕಾರವಿದೆ. ಇಷ್ಟಾದರೂ ಇದೊಂದೇ ಕಾರಣಕ್ಕೆ ಹೊಸ ಕ್ಯಾಮೆರಾ ಕೊಳ್ಳಿ ಎಂದು ನಾನು ಹೇಳಲಾರೆ. ಹಿಮದ ಪಾಠ ಒಂದು ಚಳಿಗಾಲದಲ್ಲಿ ಕಲಿತು ಮುಗಿಯುವಂಥದ್ದು.

ಕಲಿತರೂ ತೀರದ ಕಷ್ಟ ಫೋಕಸ್ಸಿನದು. ಅದಕ್ಕೆ ಕ್ಯಾಮೆರಾದ ಒಳಗನ್ನು ಸ್ವಲ್ಪ ನೋಡಬೇಕು. ಡಿಎಸ್‌ಎಲ್‌ಆರ್‌ನಲ್ಲಿ ಲೆನ್ಸಿನಿಂದ ಬಂದ ಬೆಳಕನ್ನು 45 ಡಿಗ್ರಿಯಲ್ಲಿ ಓರೆಯಾಗಿ ನಿಂತ ಕನ್ನಡಿ ಮೇಲಕ್ಕೆ, ನಮ್ಮ ಕಣ್ಣಿಗೆ ಕಳಿಸುತ್ತದೆ. ಆ ಕನ್ನಡಿಯ ನಡುಭಾಗ ಅರೆಪಾರದರ್ಶಕ. ಅಲ್ಲಿ ನುಸುಳಿದ ಬೆಳಕನ್ನು ಹಿಂದಿರುವ ಇನ್ನೊಂದು ಸಣ್ಣ ಕನ್ನಡಿ ಕ್ಯಾಮೆರಾದ ತಳದಲ್ಲಿರುವ ಫೋಕಸ್ ಘಟಕಕ್ಕೆ ಇಳಿಸುತ್ತದೆ. ಅಂದರೆ ಫೋಕಸ್ ಅಳೆಯುವ ಜಾಗ ಒಂದು, ಚಿತ್ರ ಮೂಡುವ ಜಾಗ ಇನ್ನೊಂದು. ಎರಡು ದಾರಿಗಳ ಉದ್ದ ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೆ ಕ್ಯಾಮೆರಾ ‘ಸರಿಯಾಗಿದೆ’ ಎಂದು ಬೀಪ್ ಮಾಡಿದರೂ ಚಿತ್ರದಲ್ಲಿ ಕಣ್ಣಿನ ಬದಲು ಕಿವಿ ಚೂಪಾಗಿರುತ್ತದೆ. ದುಬಾರಿ ಮಾದರಿಗಳಲ್ಲಿ ಈ ವ್ಯತ್ಯಾಸ ತಿದ್ದಿಕೊಳ್ಳುವ ಸೌಲಭ್ಯವಿತ್ತು. ಮೊದಲ ಮೆಟ್ಟಿಲಿನ ಮಾದರಿಗಳಲ್ಲಿ ಅದನ್ನು ಕೊಡಲಿಲ್ಲ. ಅಳೆಯುವ ಬಿಂದುಗಳಾದರೂ ಎಷ್ಟು? ಟಿ3ಐಯಲ್ಲಿ ಒಂಬತ್ತು, ಅದರಲ್ಲಿ ನೆಚ್ಚಬಹುದಾದದ್ದು ನಡುವಿನದೊಂದು. ನಿಕಾನ್ 2018ರಲ್ಲಿ ತಂದ ಡಿ3500ಯಲ್ಲೂ ಹನ್ನೊಂದೇ. ಆ ಘಟಕಕ್ಕೆ ಮುಖ ಯಾವುದು, ಕಣ್ಣು ಯಾವುದು ಎಂಬ ಅರಿವಿಲ್ಲ. ಅದಕ್ಕೆ ಕಾಣುವುದು ಬೆಳಕು ನೆರಳಿನ ಗೆರೆ ಮಾತ್ರ. ಮಿರರ್‌ಲೆಸ್‌ನಲ್ಲಿ ಚಿತ್ರ ಮೂಡುವ ಸೆನ್ಸರೇ ಫೋಕಸನ್ನೂ ಅಳೆಯುತ್ತದೆ. ಕ್ಯಾನನ್ನಿನ ವಿಧಾನದಲ್ಲಿ ಪ್ರತಿ ಪಿಕ್ಸೆಲನ್ನೂ ಎರಡು ಹೋಳು ಮಾಡಿ, ಎಡಬಲ ಹೋಳುಗಳು ಕಂಡದ್ದನ್ನು ತಾಳೆ ನೋಡುತ್ತಾರೆ. ಅಳೆಯುವ ಜಾಗವೂ ಮೂಡುವ ಜಾಗವೂ ಒಂದೇ ಆದ್ದರಿಂದ ದಾರಿ ತಪ್ಪುವ ಮಾತಿಲ್ಲ. ಇಡೀ ಚಿತ್ರ ಸದಾ ಕಣ್ಣಮುಂದೆ ಇರುವುದರಿಂದ ಅದರಲ್ಲಿ ಮುಖ ಹುಡುಕಿ, ಮುಖದಲ್ಲಿ ಕಣ್ಣು ಹುಡುಕಿ, ಕಣ್ಣು ಚಲಿಸಿದಂತೆ ಬೆನ್ನು ಹತ್ತುವುದು ಗಣಕದ ಕೆಲಸವಾಯಿತು.

ಇದರ ಬೆಲೆ ಗೊತ್ತಾಗುವುದು ಸಭಾಂಗಣದಲ್ಲಿ. ಇಲ್ಲಿನ ಪಂಪ ಕನ್ನಡ ಕೂಟದ ರಾಜ್ಯೋತ್ಸವವಿರಲಿ, ಟ್ರಾಯ್‌ನ ಭಾರತೀಯ ದೇವಾಲಯದಲ್ಲಿ ಮಕ್ಕಳ ಕಾರ್ಯಕ್ರಮವಿರಲಿ, ಯಾವುದೋ ಹೈಸ್ಕೂಲಿನ ಆಡಿಟೋರಿಯಂ ಬಾಡಿಗೆ ಹಿಡಿದು ಮಾಡುವ ಭರತನಾಟ್ಯದ ರಂಗಪ್ರವೇಶವಿರಲಿ, ನಮ್ಮ ಸಂಸಾರಗಳು ಜೋಪಾನ ಮಾಡಬೇಕೆನ್ನುವ ಚಿತ್ರಗಳು ಹುಟ್ಟುವುದು ಅರೆಬೆಳಕಿನ ವೇದಿಕೆಯ ಮೇಲೆ, ಓಡಾಡುವ ಮಕ್ಕಳ ನಡುವೆ, ಒಂದೇ ಒಂದು ಸಲ. ಕೊಂಡಾಗ ಬಂದ 18–55 ಲೆನ್ಸು ಪೂರ್ತಿ ಜೂಮಿನಲ್ಲಿ ಎಫ್/5.6ಕ್ಕಿಂತ ಹೆಚ್ಚು ತೆರೆಯುವುದಿಲ್ಲ. ಅಂಥ ಬೆಳಕಿನಲ್ಲಿ ಐಎಸ್‌ಒ 3200ಕ್ಕೆ ಏರಿಸಿದರೂ ಶಟರು 1/60 ಸೆಕೆಂಡಿನ ಹತ್ತಿರ ಉಳಿದರೆ ನರ್ತಕಿಯ ಕೈಬೆರಳು ಹೊಗೆಯಂತೆ ಮಸುಕಾಗುತ್ತದೆ. ಇಲ್ಲಿ ಹಳೆಯ ಕ್ಯಾಮೆರಾದ ಪಕ್ಷದವರು ಹೇಳುವ ಮಾತು ಸರಿಯಾಗಿದೆ: ಕ್ಯಾಮೆರಾ ಬದಲಿಸಬೇಡಿ, ಲೆನ್ಸು ಬದಲಿಸಿ. ಕ್ಯಾನನ್ 2015ರಲ್ಲಿ ತಂದ 50 ಮಿ.ಮೀ. ಎಫ್/1.8 ಲೆನ್ಸಿನ ಬೆಲೆ ಆಗ ಸುಮಾರು 125 ಡಾಲರ್ ಇತ್ತು. ಎಫ್/5.6ಕ್ಕೆ ಹೋಲಿಸಿದರೆ ಅದು ಒಳಬಿಡುವ ಬೆಳಕು ಸುಮಾರು ಒಂಬತ್ತೂವರೆ ಪಟ್ಟು. 1/60 ಇದ್ದ ಶಟರು 1/500ರ ಆಚೆ ಹೋಗುತ್ತದೆ. ಹನ್ನೆರಡು ವರ್ಷದಲ್ಲಿ ಇದೇ ಅಳತೆಯ ಸೆನ್ಸರುಗಳು ಕತ್ತಲಿನಲ್ಲಿ ಸುಧಾರಿಸಿದ್ದು ಎರಡು ಪಟ್ಟಿನ ಆಸುಪಾಸು ಎಂದರೆ ಉದಾರವಾಗಿ ಹೇಳಿದಂತೆ. ಅಂದರೆ 125 ಡಾಲರಿನ ಗಾಜು ಮಾಡುವ ಕೆಲಸವನ್ನು 800 ಡಾಲರಿನ ಕ್ಯಾಮೆರಾ ಒಂಟಿಯಾಗಿ ಮಾಡಲಾರದು. ಹೊಸದರ ಜೊತೆ ಬರುವ 18–45 ಲೆನ್ಸಂತೂ ಜೂಮಿನ ತುದಿಯಲ್ಲಿ ಎಫ್/6.3, ಹಳೆಯದಕ್ಕಿಂತ ಐದನೇ ಒಂದು ಭಾಗ ಬೆಳಕು ಕಡಿಮೆ. ಬರೇ ಆ ಲೆನ್ಸಿನೊಂದಿಗೆ ಹೊಸ ಕ್ಯಾಮೆರಾ ತಂದು ರಂಗಪ್ರವೇಶಕ್ಕೆ ಹೋದವರು ನಿರಾಶರಾದರೆ ಆಶ್ಚರ್ಯವಿಲ್ಲ.

ಇಷ್ಟಕ್ಕೇ ನಿಂತರೆ ವಾದ ಹಳೆಯದರ ಕಡೆ ವಾಲಿತು ಎಂದಾಗುತ್ತದೆ. ಆದರೆ ಬೆಳಕಿನ ಲೆನ್ಸು ತನ್ನದೇ ಸಾಲ ಹೊತ್ತು ಬರುತ್ತದೆ. ಎರಡು ಮೀಟರ್ ದೂರದಲ್ಲಿ ಎಫ್/1.8ರಲ್ಲಿ ಚೂಪಾಗಿ ಬರುವ ಆಳ ಹನ್ನೊಂದು ಸೆಂಟಿಮೀಟರಿನಷ್ಟು. ಒಂದೂವರೆ ಮೀಟರಿಗೆ ಬಂದರೆ ಆರು. ಮಗು ಅರ್ಧ ಹೆಜ್ಜೆ ಮುಂದಿಟ್ಟರೆ ಸಾಕು, ಮುಖ ಆ ಪಟ್ಟಿಯಿಂದ ಆಚೆ. ನಡುವಿನ ಒಂದೇ ಬಿಂದುವಿನಿಂದ ಫೋಕಸ್ ಹಿಡಿದು, ಕ್ಯಾಮೆರಾ ಹೊರಳಿಸಿ ಚೌಕಟ್ಟು ಸರಿಮಾಡಿಕೊಳ್ಳುವ ಹಳೆಯ ರೂಢಿಯಲ್ಲಿ, ಹೊರಳಿಸುವಾಗಲೇ ಆ ಕೆಲವು ಸೆಂಟಿಮೀಟರ್ ಕರಗಿಹೋಗುತ್ತವೆ. ಎಫ್/5.6ರಲ್ಲಿ ಮುಚ್ಚಿಹೋಗುತ್ತಿದ್ದ ಫೋಕಸ್ ಘಟಕದ ಸಣ್ಣ ಓರೆ ಎಫ್/1.8ರಲ್ಲಿ ಬಯಲಾಗುತ್ತದೆ. ಹೀಗೆ ಹಳೆಯ ಕ್ಯಾಮೆರಾಕ್ಕೆ ಒಳ್ಳೆಯ ಲೆನ್ಸು ಹಾಕಿದಷ್ಟೂ ಅದರ ದುರ್ಬಲ ಜಾಗಕ್ಕೆ ಹೆಚ್ಚು ಭಾರ ಬೀಳುತ್ತದೆ. ಗದ್ದಲದ ಚುಕ್ಕೆಗಳನ್ನು, ಅಂದರೆ ಹೆಚ್ಚಿನ ಐಎಸ್‌ಒನಲ್ಲಿ ಕಾಣುವ ಮರಳಿನಂಥ ನಾಯ್ಸನ್ನು, ಆಮೇಲೆ ಒರೆಸಬಹುದು. 2023ರಲ್ಲಿ ಲೈಟ್‌ರೂಮ್ ತಂತ್ರಾಂಶಕ್ಕೆ ಸೇರಿದ ಎಐ ಆಧಾರಿತ ಡಿನಾಯ್ಸ್ ಹತ್ತು ವರ್ಷ ಹಿಂದಿನ ರಾ ಫೈಲುಗಳ ಮೇಲೂ ಕೆಲಸ ಮಾಡುತ್ತದೆ. 2012ರ ರಾಜ್ಯೋತ್ಸವದ ಚಿತ್ರಗಳಿಗೆ ಇಂದು ಹೊಸ ಜೀವ ಬರುತ್ತದೆ. ಕಪ್ಪಾದ ಚಿತ್ರವನ್ನು ಬೆಳಗಿಸಬಹುದು, ಹಳದಿಯಾದದ್ದನ್ನು ಸರಿಪಡಿಸಬಹುದು, ಓರೆಯಾದದ್ದನ್ನು ಕತ್ತರಿಸಬಹುದು. ಫೋಕಸ್ ತಪ್ಪಿದ ಕಣ್ಣನ್ನು ಮಾತ್ರ ನಂಬಿಕೆಗೆ ಅರ್ಹವಾಗುವ ಹಾಗೆ ಮರಳಿ ತರುವ ದಾರಿ ಇಲ್ಲ; ತಂತ್ರಾಂಶ ಬರೆದುಕೊಡುವ ಕಣ್ಣು ನಿಮ್ಮ ಮಗಳದಲ್ಲ. ಹಳೆಯ ಕ್ಯಾಮೆರಾದ ಇತರ ಕೊರತೆಗಳನ್ನೆಲ್ಲ ಕಾಲ ತಿದ್ದುತ್ತಿದೆ, ಇದೊಂದನ್ನು ತಿದ್ದದು. ನನ್ನ ಇಡೀ ತೂಗುವಿಕೆ ನಿಂತಿರುವುದು ಇದರ ಮೇಲೆ.

ಕನ್ನಡಿ ತೆಗೆದ ಮಾತ್ರಕ್ಕೆ ಕಣ್ಣಿನ ಮೇಲೆ ಫೋಕಸ್ ಹಿಡಿಯುವ ಗುಣ ಬಂತೆಂದು ತಿಳಿಯಬಾರದು. ಮೊದಲ ಮಿರರ್‌ಲೆಸ್‌ಗಳು ಫೋಕಸ್ಸಿಗೆ ಲೆನ್ಸನ್ನು ಹಿಂದೆ ಮುಂದೆ ಆಡಿಸಿ ಹುಡುಕುತ್ತಿದ್ದವು, ಓಡುವ ಮಗುವಿನ ಮುಂದೆ ಡಿಎಸ್‌ಎಲ್‌ಆರ್‌ಗಿಂತ ಹಿಂದೆ ಬೀಳುತ್ತಿದ್ದವು. 2014ರ ಸೋನಿ ಎ6000 ಸೆನ್ಸರಿನ ಮೇಲೇ 179 ಫೋಕಸ್ ಬಿಂದು ಹರಡಿ, ಸೆಕೆಂಡಿಗೆ ಹನ್ನೊಂದು ಚಿತ್ರ ತೆಗೆದು ಲೆಕ್ಕಾಚಾರವನ್ನು ತಿರುಗಿಸಿತು. ಕಣ್ಣನ್ನು ಬಿಡದೆ ಹಿಂಬಾಲಿಸುವ ವಿದ್ಯೆ ಕಡಿಮೆ ಬೆಲೆಯ ಮಾದರಿಗಳಿಗೆ ಇಳಿದದ್ದು ಇನ್ನೂ ಐದಾರು ವರ್ಷ ಕಳೆದ ಮೇಲೆ. ಹಾಗಾಗಿ ಅಗ್ಗಕ್ಕೆ ಸಿಗುತ್ತದೆಂದು 2010–12ರ ಹಳೆಯ ಮಿರರ್‌ಲೆಸ್ ಕೊಳ್ಳುವುದು ಬುದ್ಧಿವಂತಿಕೆಯಲ್ಲ. ಹೆಸರು ಹೊಸದು, ಕಾಯಿಲೆ ಹಳೆಯದು.

ನನ್ನ ವಾದಕ್ಕೆ ಬರುವ ಮೊದಲ ಆಕ್ಷೇಪ ಗಟ್ಟಿಯಾದದ್ದು. ಫೋಕಸನ್ನು ಯಂತ್ರಕ್ಕೆ ಬಿಟ್ಟರೆ ಛಾಯಾಗ್ರಾಹಕನಿಗೆ ಉಳಿಯುವುದೇನು? ಸಂಡೂರಿನ ಎಂ.ವೈ. ಘೋರ್ಪಡೆ ಕಾಡುಪ್ರಾಣಿಗಳನ್ನೂ, ಪೂರ್ಣಚಂದ್ರ ತೇಜಸ್ವಿ ಮೂಡಿಗೆರೆಯ ಹಕ್ಕಿಗಳನ್ನೂ ಕಣ್ಣು ಗುರುತಿಸುವ ಯಂತ್ರದ ನೆರವಿಲ್ಲದೆ ಫಿಲ್ಮಿನ ಮೇಲೆ ಹಿಡಿಯಲಿಲ್ಲವೇ? ಹಿಡಿದರು. ಆದರೆ ಅವರು ಹಿಡಿದದ್ದು ಯಂತ್ರದ ಕೊರತೆಯನ್ನು ಕಾಯುವಿಕೆಯಿಂದ ತುಂಬಿ. ಒಂದೇ ಮರದ ಮುಂದೆ, ಒಂದೇ ಕೆರೆಯ ದಡದಲ್ಲಿ, ಮರೆಯಲ್ಲಿ ಕೂತು, ಹಕ್ಕಿ ಮತ್ತೆ ಅದೇ ಕೊಂಬೆಗೆ ಬರುವವರೆಗೆ. ಹಕ್ಕಿ ಗೂಡಿಗೆ ಮರಳುತ್ತದೆ. ಆರು ವರ್ಷದ ಹುಡುಗ ಛದ್ಮವೇಷದಲ್ಲಿ ಕೆಂಪೇಗೌಡನಾಗಿ ವೇದಿಕೆಯಿಂದ ಇಳಿದ ಮೇಲೆ ಮತ್ತೆ ಆರು ವರ್ಷದ ಕೆಂಪೇಗೌಡನಾಗುವುದಿಲ್ಲ. ಅವರದು ಸಾಧನೆ, ನಮ್ಮದು ಸಂಸಾರ. ಒಂದರ ಅಳತೆಗೋಲಿನಿಂದ ಇನ್ನೊಂದನ್ನು ಅಳೆಯಬಾರದು. ಇನ್ನು ಕಲಿಕೆಯ ಮಾತು: ಹಳೆಯ ಕ್ಯಾಮೆರಾ ಬೆಳಕು, ಶಟರು, ಅಪರ್ಚರ್‌ಗಳ ಪಾಠವನ್ನು ಕಷ್ಟಪಡಿಸಿ ಕಲಿಸುತ್ತಿತ್ತು ಎನ್ನುವುದು ನಿಜ. ಚಕ್ರ ತಿರುಗಿಸಿದ ಕೂಡಲೇ ಚಿತ್ರ ಬೆಳಗುವುದೋ ಕಪ್ಪಾಗುವುದೋ ಕಣ್ಣೆದುರೇ ಕಾಣುವ ಹೊಸದು ಅದೇ ಪಾಠವನ್ನು ಬೇಗ ಕಲಿಸುತ್ತದೆ ಎನ್ನುವುದೂ ನಿಜ. ಕಷ್ಟಪಟ್ಟು ಕಲಿತದ್ದೇ ಶ್ರೇಷ್ಠ ಎಂಬ ಹಟ ನಮ್ಮ ತಲೆಮಾರಿನದು. ಮಕ್ಕಳ ಮೇಲೆ ಅದನ್ನು ಹೇರುವ ಅಗತ್ಯ ನನಗೆ ಕಾಣುವುದಿಲ್ಲ.

ತೂಕದ ವಾದವನ್ನು ನಾನು ಅಷ್ಟಾಗಿ ಒಪ್ಪುವುದಿಲ್ಲ. ಬ್ಯಾಟರಿ ಸಮೇತ ಟಿ3ಐ 570 ಗ್ರಾಂ, ಆರ್50 375 ಗ್ರಾಂ ಎಂಬುದು ಸರಿಯೇ. ಆದರೆ ಕನ್ನಡಿ ಇರುವ ಡಿ3500 ಕೂಡ 415 ಗ್ರಾಂ ಇತ್ತು. ಹೊಸ ಕ್ಯಾಮೆರಾಕ್ಕೆ ಒಳ್ಳೆಯ ಲೆನ್ಸೊಂದನ್ನು ಹಾಕಿದರೆ ಉಳಿಸಿದ ಭಾರ ಅಲ್ಲಿಗೇ ಮರಳುತ್ತದೆ. ಬ್ಯಾಟರಿಯ ವಿಷಯದಲ್ಲಂತೂ ಹಳೆಯದು ಗೆದ್ದಿದೆ, ಅದೂ ದೊಡ್ಡ ಅಂತರದಿಂದ. ಡಿ3500ಗೆ ಒಂದು ಚಾರ್ಜಿನಲ್ಲಿ 1550 ಚಿತ್ರ ಎಂದು ನಿಕಾನ್ ಹೇಳಿಕೊಂಡಿತು. ಅದೇ ಕಂಪನಿಯ 2019ರ ಮಿರರ್‌ಲೆಸ್ ಝಡ್50ಗೆ ಸುಮಾರು 300. ಕಿಂಡಿಯ ಪರದೆಯೂ ಸೆನ್ಸರೂ ಸದಾ ಎಚ್ಚರವಾಗಿರುವುದರ ಬಾಡಿಗೆ ಅದು. ಮಿಶಿಗನ್ನಿನ ಚಳಿಯಲ್ಲಿ ಲಿಥಿಯಂ ಬ್ಯಾಟರಿ ಇನ್ನಷ್ಟು ಬೇಗ ಸೋಲುವುದರಿಂದ ಕೋಟಿನ ಒಳಜೇಬಿನಲ್ಲಿ ಇನ್ನೊಂದನ್ನು ಬೆಚ್ಚಗೆ ಇಟ್ಟುಕೊಳ್ಳದೆ ಜನವರಿಯಲ್ಲಿ ಹೊರಡುವಂತಿಲ್ಲ. ಆದರೆ ಇನ್ನೊಂದು ಬ್ಯಾಟರಿ ಕೊಂಡರೆ ಮುಗಿಯುವ ಸಮಸ್ಯೆ ಇದು. ಕೊಂಡು ತುಂಬಿಸಲಾಗದ ಕೊರತೆಯ ಎದುರು ಕೊಂಡು ತುಂಬಿಸಬಹುದಾದದ್ದನ್ನು ಇಟ್ಟು ತೂಗುವುದು ಸರಿಯಲ್ಲ.

ಹೊಸದರ ಸದ್ದಿಲ್ಲದ ಶಟರಿನ ಬಗ್ಗೆ ಕೇಳಿಬರುವ ಹೊಗಳಿಕೆಗೂ ಒಂದು ಎಚ್ಚರಿಕೆ ಸೇರಿಸಬೇಕು. ಮಂಗಳಾರತಿಯ ಹೊತ್ತಿನಲ್ಲೋ ಆಲಾಪನೆಯ ನಡುವೆಯೋ ಕನ್ನಡಿ ಟಪಟಪ ಬಡಿದುಕೊಳ್ಳದಿರುವುದು ಸುತ್ತಲಿನವರಿಗೆ ದೊಡ್ಡ ಉಪಕಾರ, ಅನುಮಾನವಿಲ್ಲ. ಆದರೆ ಆ ಮೌನ ಶಟರು ಸೆನ್ಸರನ್ನು ಸಾಲುಸಾಲಾಗಿ ಓದುವುದರಿಂದ ಎಲ್‌ಇಡಿ ದೀಪಗಳ ಕೆಳಗೆ ಚಿತ್ರದ ತುಂಬ ಅಡ್ಡಪಟ್ಟಿ ಮೂಡಬಹುದು. ಅಮೆರಿಕದ ವಿದ್ಯುತ್ತು 60 ಹರ್ಟ್ಸ್, ಇಲ್ಲಿ ಮಿಣುಕುವ ದೀಪಗಳು ಸೆಕೆಂಡಿಗೆ 120 ಸಲ ಮಿಣುಕುತ್ತವೆ. ಭಾರತದ್ದು 50, ಅಲ್ಲಿ 100 ಸಲ. ಶಟರನ್ನು ಇಲ್ಲಿ 1/60 ಅಥವಾ 1/125ಕ್ಕೆ, ರಜೆಗೆ ಬೆಂಗಳೂರಿಗೆ ಹೋದಾಗ 1/50 ಅಥವಾ 1/100ಕ್ಕೆ ಇಟ್ಟರೆ ಪಟ್ಟಿಗಳು ಬಹುಮಟ್ಟಿಗೆ ಅಡಗುತ್ತವೆ. ಮದುವೆ ಮುಗಿದ ಮೇಲೆ ಪಟ್ಟಿ ನೋಡಿ ಪರಿತಪಿಸುವುದಕ್ಕಿಂತ ಮುಂಚೆಯೇ ಇದನ್ನು ತಿಳಿದಿರುವುದು ಮೇಲು.

ಫೋನು ಸಾಕಲ್ಲವೇ ಎಂಬುದು ಕೊನೆಯ ಆಕ್ಷೇಪ, ಜಗತ್ತು ಈಗಾಗಲೇ ಒಪ್ಪಿಕೊಂಡ ಆಕ್ಷೇಪ. 2010ರಲ್ಲಿ ಜಪಾನಿನ ಕ್ಯಾಮೆರಾ ಉದ್ಯಮ ಹನ್ನೆರಡು ಕೋಟಿ ಡಿಜಿಟಲ್ ಕ್ಯಾಮೆರಾ ರವಾನಿಸಿತ್ತು. 2020ರಲ್ಲಿ ಆ ಸಂಖ್ಯೆ 90 ಲಕ್ಷಕ್ಕೂ ಕೆಳಗಿಳಿಯಿತು. ಅದೇ ವರ್ಷ ಮಿರರ್‌ಲೆಸ್ ಸಂಖ್ಯೆ ಡಿಎಸ್‌ಎಲ್‌ಆರ್ ಅನ್ನು ದಾಟಿತು. ಹಗಲಿನಲ್ಲಿ, ಹತ್ತಿರದಲ್ಲಿ, ನಿಂತವರ ಚಿತ್ರಕ್ಕೆ ಫೋನು ಸಾಕು. ಸೈಡರ್ ಮಿಲ್ಲಿಗೆ ಕ್ಯಾಮೆರಾ ಹೊತ್ತು ಹೋಗಬೇಕಿಲ್ಲ ಎನ್ನುವವರ ಜೊತೆ ನನಗೆ ಜಗಳವಿಲ್ಲ. ಆದರೆ ಫೋನು ಕತ್ತಲನ್ನು ಗೆಲ್ಲುವುದು ಹಲವು ಚಿತ್ರಗಳನ್ನು ಒಂದರ ಮೇಲೊಂದು ಪೇರಿಸಿ. ಎದುರಿಗಿರುವುದು ಅಲುಗಾಡಿದರೆ ಆ ಪೇರಿಕೆ ಕುಸಿಯುತ್ತದೆ. ಆಡಿಟೋರಿಯಮ್ಮಿನ ಹತ್ತನೇ ಸಾಲಿನಿಂದ ಜೂಮ್ ಮಾಡಿದ ಫೋನಿನ ಚಿತ್ರದಲ್ಲಿ ಮುಖಗಳು ಮೇಣದ ಹಾಗಿರುವುದನ್ನು ಎಲ್ಲರೂ ಕಂಡಿದ್ದೇವೆ. ಫೋನು ಹಳೆಯ ಡಿಎಸ್‌ಎಲ್‌ಆರ್ ಗೆಲ್ಲುತ್ತಿದ್ದ ಜಾಗಗಳನ್ನು ಆಕ್ರಮಿಸಿತು, ಅದು ಸೋಲುತ್ತಿದ್ದ ಜಾಗವನ್ನು ಹಾಗೇ ಬಿಟ್ಟಿತು. ಮಿರರ್‌ಲೆಸ್ ಬಂದು ನಿಂತಿರುವುದು ಆ ಖಾಲಿ ಜಾಗದಲ್ಲಿ.

ಹಾಗಾದರೆ ದುಡ್ಡನ್ನು ಎಲ್ಲಿ ಹಾಕಬೇಕು? ಮಕ್ಕಳು ವೇದಿಕೆ ಹತ್ತದ, ಆಟದ ಮೈದಾನಕ್ಕಿಳಿಯದ ಮನೆಯಾದರೆ ಕಪಾಟಿನ ಕ್ಯಾಮೆರಾವನ್ನು ಇಳಿಸಿ, ಅದಕ್ಕೊಂದು 50 ಮಿ.ಮೀ. ಲೆನ್ಸು ತನ್ನಿ, ರಾ ಫೈಲಿನಲ್ಲಿ ತೆಗೆಯಿರಿ. ಹೊಸದಕ್ಕೆ ಒಂದು ಡಾಲರನ್ನೂ ಖರ್ಚು ಮಾಡಬೇಡಿ. ಮಕ್ಕಳು ಕುಣಿಯುವ, ಓಡುವ ವಯಸ್ಸಿನವರಾದರೆ ಮಿರರ್‌ಲೆಸ್ ದೇಹ ಕೊಳ್ಳಿ, ಆದರೆ ಅದರ ಜೊತೆಯ ಲೆನ್ಸಿನ ಮೇಲೆ ಭರವಸೆ ಇಡಬೇಡಿ. ಕ್ಯಾನನ್ನಿನ ಹಳೆಯ ಲೆನ್ಸುಗಳು ಅಡಾಪ್ಟರ್ ಮೂಲಕ ಹೊಸ ದೇಹದಲ್ಲಿ ಪೂರ್ತಿ ಕೆಲಸ ಮಾಡುತ್ತವೆ. ಆ ಅಡಾಪ್ಟರಿನಲ್ಲಿ ಗಾಜಿಲ್ಲ, ಹಾಗಾಗಿ ಬೆಳಕೇನೂ ಕಡಿಮೆಯಾಗದು. 125 ಡಾಲರಿನ ಆ 50 ಮಿ.ಮೀ. ಹಳೆಯ ದೇಹದಲ್ಲಿ ತಪ್ಪಿಸುತ್ತಿದ್ದ ಕಣ್ಣನ್ನು ಹೊಸ ದೇಹದಲ್ಲಿ ಹಿಡಿಯುತ್ತದೆ. ನಿಕಾನಿನವರು ಕೊಳ್ಳುವ ಮುಂಚೆ ಒಮ್ಮೆ ಲೆನ್ಸು ತಿರುಗಿಸಿ ನೋಡಿಕೊಳ್ಳಲಿ: ದೇಹದ ಮೋಟರಿನಿಂದ ತಿರುಗುತ್ತಿದ್ದ ಹಳೆಯ ಮಾದರಿಯ ಲೆನ್ಸುಗಳು ನಿಕಾನಿನ ಎಫ್‌ಟಿಝಡ್ ಅಡಾಪ್ಟರಿನಲ್ಲಿ ತಾವಾಗಿ ಫೋಕಸ್ ಮಾಡುವುದಿಲ್ಲ. ಹಳೆಯ ಫ್ಲ್ಯಾಶ್ ಇದ್ದವರೂ ಅಷ್ಟೇ. ಆರ್50ಯ ತಲೆಯ ಮೇಲೆ ಅದು ನೇರವಾಗಿ ಕೂರದು, ಅದಕ್ಕೂ ಬೇರೆ ಅಡಾಪ್ಟರ್ ಬೇಕು. ವರ್ಷಕ್ಕೊಂದೇ ಕಾರ್ಯಕ್ರಮವಿರುವವರು ಆ ವಾರಾಂತ್ಯಕ್ಕೆ ಒಳ್ಳೆಯ ದೇಹವನ್ನೂ ಲೆನ್ಸನ್ನೂ ಬಾಡಿಗೆಗೆ ತಂದರೆ ಇನ್ನೂ ಉತ್ತಮ, ಅದಕ್ಕೆಂದೇ ಅಂಗಡಿಗಳಿವೆ. ಮುಂದಿನ ರಾಜ್ಯೋತ್ಸವಕ್ಕೆ ಇನ್ನೂ ಸಮಯವಿದ್ದರೆ ಈಗಲೇ ಚೀಲ ಇಳಿಸಿ, ಬ್ಯಾಟರಿ ಚಾರ್ಜ್ ಆಗುತ್ತದೆಯೇ ನೋಡಿ, ಕಾರ್ಡಿನಲ್ಲಿ ಉಳಿದಿರುವ ಹಳೆಯ ಫೈಲುಗಳನ್ನು ಎರಡು ಬೇರೆ ಬೇರೆ ಡಿಸ್ಕಿಗೆ ನಕಲು ಮಾಡಿಕೊಳ್ಳಿ. ಹೊಸದು ಬೇಕೋ ಬೇಡವೋ ಎಂಬುದನ್ನು ಆ ಫೈಲುಗಳಲ್ಲಿ ಎಷ್ಟು ಮುಖ ಚೂಪಾಗಿದೆ, ಎಷ್ಟು ಮಸುಕಾಗಿದೆ ಎಂದು ಎಣಿಸಿದ ಮೇಲೆ ತೀರ್ಮಾನಿಸಿ.